ಒಂಬತ್ತು ನಿಮಿಷ

ಕಣ್ಣು ಅನ್ನಬೇಡಿ ಅದನ್ನು.
ಎಲ್ಲರೂ ಅನ್ನುವುದು ಅದೇ: ಟ್ರಕ್ಕಿಗೂ ವಯಸ್ಸಾಯಿತು, ಪೊರೆ ಬಂತು.
ಅದೊಂದು ಡಬ್ಬಿ ಅಷ್ಟೆ. ಹಿಂದೆ ಕನ್ನಡಿ, ನಡುವೆ ಬಲ್ಬು,
ಮುಂದೆ, ಹದಿನೆಂಟು ಬೇಸಿಗೆಯ ಬಿಸಿಲು ಕುಡಿದು
ಚುಟ್ಟಾ ಸೇದುವವನ ಹಲ್ಲಿನ ಬಣ್ಣಕ್ಕೆ ತಿರುಗಿದ
ಪ್ಲಾಸ್ಟಿಕ್ಕು.

ಹೊಸ ಜೋಡಿಗೆ ಇನ್ನೂರ ಅರವತ್ತು ಡಾಲರು ಅಂದ
ಎಸ್ಪಾನ್ಯೋಲಾದ ಬಿಡಿಭಾಗದಂಗಡಿಯ ಹುಡುಗ,
ನಮ್ಮ ಮುಖ ನೋಡದೆ, ಕಂಪ್ಯೂಟರಿನ ಮುಖ ನೋಡುತ್ತ.
ಅಮಾದೊನ ಜೇಬಿನಲ್ಲಿ ಇದ್ದದ್ದು ನಲವತ್ತೊಂದು.
ಬೆಟ್ಟದ ಮೇಲಿನ ಪ್ರಯೋಗಾಲಯದಲ್ಲಿ ಅವನಿಗಾಗ
ರಾತ್ರಿಪಾಳಿ, ನೆಲ ಒರೆಸುವ ಕೆಲಸ.
ಏನು ಪ್ರಯೋಗವೋ ಮಾರಾಯ, ಅನ್ನುತ್ತಿದ್ದ,
ನೆಲವಂತೂ ಎಲ್ಲ ಕಡೆ ನೆಲವೇ.

ಕಪ್ಪು ಬಣ್ಣದ ಸ್ಪ್ರೇ ಒಂದು ಡಬ್ಬಿ,
ಮರಳುಕಾಗದ ಮೂರು ನಮೂನೆ,
ಹಗ್ಗದ ಹಾಗೆ ಸುತ್ತಿಟ್ಟ ಕರೀ ಅಂಟು.
ಟೂತ್‌ಪೇಸ್ಟು ಮಾತ್ರ ಚಿಕ್ಕಮ್ಮನದು, ಹೇಳದೆ ತಂದದ್ದು.
ಹಲ್ಲಿನ ಬಣ್ಣಕ್ಕೆ ಹಲ್ಲಿನ ಮದ್ದು.
ಒಲೆಯೂ ಚಿಕ್ಕಮ್ಮನದೇ.

ಯಾರದೋ ಸಾವಿನ ಜಪಕ್ಕೆಂದು ಅವಳು ಇಗರ್ಜಿಗೆ ಹೋಗಿದ್ದಳು.
ಸತ್ತವರು ದೊಡ್ಡ ಮನೆತನದವರು, ಜಪ ಉದ್ದವಾಗುತ್ತೆ
ಎಂಬ ಧೈರ್ಯದಲ್ಲಿ
ಮುಳ್ಳನ್ನು ಇನ್ನೂರ ಮೂವತ್ತಕ್ಕೆ ತಿರುಗಿಸಿ
ಅವಳ ಬಿಸ್ಕತ್ತಿನ ತಟ್ಟೆಯ ಮೇಲೆ
ಶೆವಿಯ ಎರಡು ದೀಪಗಳನ್ನು ಅಂಗಾತ ಮಲಗಿಸಿ
ಬಾಗಿಲು ಮುಚ್ಚಿದೆವು. ಒಂಬತ್ತು ನಿಮಿಷ.
ಅಮಾದೊ ಗಡಿಯಾರ ನೋಡಿದ. ನಾನು ಬೀದಿ ನೋಡಿದೆ.

ಬಿಸಿಯಿರುವಾಗಲೇ ಬಿಚ್ಚಬೇಕು.
ಸ್ಕ್ರೂಡ್ರೈವರು ಒಂದು ಮೂಲೆಗೆ, ಚಮಚ ಇನ್ನೊಂದಕ್ಕೆ.
ಹಳೇ ಅಂಟು ಒಂದೆಳೆ ಪಾಕದ ಹಾಗೆ
ಎಳೆಯೆಳೆಯಾಗಿ ಎದ್ದು ಬಂತು;
ಮುಖ ಒಂದು ಕಡೆ, ಬೆನ್ನು ಒಂದು ಕಡೆ.
ಅಷ್ಟರಲ್ಲಿ ಬಾಗಿಲಲ್ಲಿ
ಚಿಕ್ಕಮ್ಮ ಎದುವಿಹೆನ್, ತಲೆಯ ಮೇಲೆ ಕರೀ ಜಾಲರಿ.

ಬೈಗುಳಕ್ಕೆ ಬೆನ್ನು ಕೊಟ್ಟು ನಿಂತೆವು.
ಅವಳು ಚೀಲ ಕೆಳಗಿಟ್ಟಳು. ಮೂಗು ಸೊಟ್ಟ ಮಾಡಿದಳು.
ಮೇಜಿನ ಮೇಲಿನ ಪ್ಲಾಸ್ಟಿಕ್ಕನ್ನೆತ್ತಿ ಕಿಟಕಿಗೆ ಹಿಡಿದು
ಒಳಮೈಯ ಮೇಲೆ ಹೆಬ್ಬೆರಳೊತ್ತಿ ನೋಡಿದಳು:
"ಇಷ್ಟು ತೆಳುವೇ?"
ಸಾವಿನ ಮನೆಯ ಸೋಂಪಿನ ಬಿಸ್ಕತ್ತು ತಿಂದು ಬಂದ ಕೈ.

ಹೊರಗೆ ಉಜ್ಜಿದೆವು, ಒಳಗೆ ಬಳಿದೆವು,
ಅಂಟಿಟ್ಟು ಇನ್ನೊಮ್ಮೆ ಬೇಯಿಸಿ ಬಿಗಿದೆವು.
ಸಂಜೆ ಟ್ರಕ್ಕು ಅಂಗಳದಲ್ಲಿ
ಕಾಡಿಗೆ ತೀಡಿಕೊಂಡು ನಿಂತ ಹಾಗೆ
(ಹಾಗೆ ಅನ್ನಬೇಡಿ ಎಂದವನೇ ಅಂದುಬಿಟ್ಟೆ).
ಕಪ್ಪು ಬಳಿದರೆ ದಾರಿ ಹೆಚ್ಚು ಕಾಣುವುದಿಲ್ಲ.
ಅಮಾದೊ ಮಾತ್ರ ಪಾಳಿಗೆ ಹೋಗುವ ಮುಂಚೆ
ಅದರ ಸುತ್ತ ನಾಲ್ಕು ಸಲ ತಿರುಗಿದ,
ಐದನೆಯ ಸಲ ನನಗಾಗಿ.

ರಾತ್ರಿ ಸುಣ್ಣದ ಗೋಡೆಯ ಮೇಲೆ ಬೆಳಕು ಬಿದ್ದಾಗ ಗೊತ್ತಾಯಿತು:
ಎಡಗಡೆಯ ದೀಪದಲ್ಲಿ, ಒಳಗೆ, ಬಟ್ಟೆ ತಲುಪದ ಕಡೆ
ಒಂದು ಹೆಬ್ಬೆರಳು.
ಗೊತ್ತಿದ್ದವರಿಗೆ ಮಾತ್ರ ಕಾಣುವಷ್ಟು ಮಸುಕು.
ತೆಗೆಯಬಹುದಿತ್ತು, ಮತ್ತೆ ಒಂಬತ್ತು ನಿಮಿಷ.
"ನಾಳೆ," ಅಂದ ಅಮಾದೊ.

ತಿಂಗಳುಗಟ್ಟಲೆ ಅವಳು ಸುಟ್ಟದ್ದಕ್ಕೆಲ್ಲ ಅದೇ ವಾಸನೆ.
ಬಂದವರ ಮುಂದೆ ತಟ್ಟೆಯಿಟ್ಟು
"ಈ ಸಲ ಸೋಂಪು ಹದ, ಶೆವಿ ಒಂಚೂರು ಜಾಸ್ತಿ,"
ಅನ್ನುತ್ತಿದ್ದಳು, ನಮ್ಮ ಕಡೆ ನೋಡದೆ.

ಟ್ರಕ್ಕು ಮಾರಿ ಏಳು ವರ್ಷ.
ಕೊಂಡವನ ಹೆಸರು ಚೀಟಿಯಲ್ಲಿತ್ತು, ಚೀಟಿ ಎಲ್ಲೋ.
ತ್ರೂಚಾಸ್ ಏರಿನಲ್ಲಿ ಈಗಲೂ ರಾತ್ರಿ
ಒಳಗೆ ಕಪ್ಪಿರುವ ಜೋಡಿದೀಪ ಎದುರು ಬಂದರೆ
ವೇಗ ತಗ್ಗಿಸುತ್ತೇನೆ.
ಎಡಗಡೆಯದು. ಅಂದರೆ ಅದರ ಎಡ, ನನಗೆ ಬಲ,
ಅಲ್ಲ, ತಡಿ,
ಅಷ್ಟರಲ್ಲಿ ದಾಟಿಹೋಗಿರುತ್ತದೆ.